ಪುರಾವೆ ಮೇಷ್ಟ್ರು

ಹೋದ ತಿಂಗಳು ಬ್ಯಾಚ್ ಗ್ರೂಪಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು ಹೋಗ್ಬಿಟ್ರು ಅಂತ ಮೆಸೇಜ್ ಬಂತು, ಕೂಡ್ಲೇ ಒಬ್ಬ "ಯಾರು ಹೇಳಿದ್ದು, ಕನ್ಫರ್ಮಾ?" ಅಂತ ಕೇಳ್ದ. ಬೇರೆಯವ್ರಿಗೆ ಒರಟು ಅನ್ನಿಸ್ಬಹುದು, ಮೇಷ್ಟ್ರಿದ್ದಿದ್ರೆ ಅವನಿಗೆ ಶಭಾಷ್ ಅಂತಿದ್ರು.

ಬಿಎ ಕೊನೇ ವರ್ಷದ ಸಿಲಬಸ್ ದೇವರಾಣೆಗೂ ನೆನಪಿಲ್ಲ. ನೆನಪಿರೋದು ಬೋರ್ಡ್ ಮೇಲಿನ ಒಂದು ವೃತ್ತ. ಕೊನೇ ಪೀರಿಯಡ್ ತಪ್ಪಿಸೋಕೆ ನಾವು ಮೂರು ಜನ ಪ್ಲಾನ್ ಮಾಡಿ, ಪ್ರಿನ್ಸಿಪಾಲ್ರು ಸ್ಟಾಫ್ ಮೀಟಿಂಗ್ ಕರೆದಿದ್ದಾರೆ ಸಾರ್ ಅಂತ ಬೇರೆ ಬೇರೆ ಟೈಮಲ್ಲಿ ಹೋಗಿ ಹೇಳಿದ್ವಿ. ಅವ್ರು ಮೂವರನ್ನೂ ನಿಲ್ಲಿಸಿ ನಿಂಗ್ಯಾರು ಹೇಳಿದ್ದು ಅಂತ ಒಬ್ಬೊಬ್ಬರನ್ನೇ ಕೇಳ್ತಾ ಬಾಣ ಎಳೆದ್ರು. ನಾನು ಅವನ ಹೆಸರು, ಅವನು ಇನ್ನೊಬ್ಬನ ಹೆಸರು, ಇನ್ನೊಬ್ಬ ನನ್ನ ಹೆಸರು. ವೃತ್ತ ಮುಚ್ಚಿತು. "ಮೂರು ಬಾಯಿ, ಕಣ್ಣು ಒಂದೂ ಇಲ್ಲ" ಅಂದು ಅರ್ಧ ಗಂಟೆ ಎಕ್ಸ್‌ಟ್ರಾ ಕ್ಲಾಸ್ ತಗೊಂಡ್ರು.

ಅದಾಗಿ ಸ್ವಲ್ಪ ದಿನಕ್ಕೆ, 2003ರ ಫೆಬ್ರವರಿ 5ಕ್ಕೆ, ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಇರಾಕ್ ಮೇಲೆ ಯುದ್ಧ ಯಾಕೆ ಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳೀಲಿ ಪುಟ್ಟ ಸೀಸೆ ಹಿಡಿದು ಭಾಷಣ ಮಾಡಿದ್ರಲ್ಲ, ಮೇಷ್ಟ್ರು ಪೇಪರ್ ಹಿಡ್ಕೊಂಡೇ ಕ್ಲಾಸಿಗೆ ಬಂದ್ರು. ಇರಾಕ್ ಹತ್ರ ಜೈವಿಕ ಅಸ್ತ್ರ ತಯಾರಿಸೋ ಸಂಚಾರಿ ಲ್ಯಾಬ್ ಇವೆ, ಅದಕ್ಕೆ ನಾಲ್ಕು ಮೂಲ ಇವೆ ಅಂತ ಪೊವೆಲ್ ಮಾತು. ನಾಲ್ಕರಲ್ಲಿ ನೋಡಿದವ್ರೆಷ್ಟು, ಕೇಳಿದವ್ರೆಷ್ಟು ಅಂದ್ರು ಮೇಷ್ಟ್ರು. ಇರಾಕ್ ತರಿಸೋಕೆ ನೋಡಿದ ಅಲ್ಯೂಮಿನಿಯಂ ಕೊಳವೆಗಳು ಅಣುಬಾಂಬಿಗೇ ಅನ್ನೋ ವಾದವನ್ನೂ ಕೆಣಕಿದ್ರು: ಬಾಂಬಿಗೆ ಬೇಕಾದ ಹಾಗೆ ಯುರೇನಿಯಂ ಸಂಸ್ಕರಿಸೋ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಅವು ಇದ್ದ ಹಾಗೇ ಸರಿಹೋಗಲ್ಲ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಗಿನ ಮುಖ್ಯಸ್ಥ ಎಲ್‌ಬರಾದಿ ಜನವರಿಯಲ್ಲೇ ಅದೇ ಮಂಡಳಿಗೆ ಹೇಳಿದ್ರು.

ಆಮೇಲೆ ಗೊತ್ತಾಗಿದ್ದು ಇನ್ನೂ ತಮಾಷೆ. ಲ್ಯಾಬ್ ಕಥೆ ಹೆಚ್ಚುಕಮ್ಮಿ 'ಕರ್ವ್‌ಬಾಲ್' ಅನ್ನೋ ಗುಪ್ತನಾಮದ ಒಬ್ಬನೇ ಇರಾಕಿ ಹೇಳಿದ್ದು, ಅವನು ಇದ್ದದ್ದು ಜರ್ಮನಿಯ ಗುಪ್ತಚರರ ಕೈಲಿ, ಅವ್ರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಅವನನ್ನ ನೇರವಾಗಿ ವಿಚಾರಿಸೋಕೆ ಬಿಡ್ಲಿಲ್ಲ. 2011ರಲ್ಲಿ ಸುಳ್ಳು ಹೇಳಿದ್ದೆ ಅಂತ ಅವನೇ ಒಪ್ಕೊಂಡ. ಕೊಳವೆ ವಿಷಯದಲ್ಲಿ ಸೆಂಟ್ರಿಫ್ಯೂಜ್ ಬಲ್ಲ ಅಮೆರಿಕದ ಇಂಧನ ಇಲಾಖೆಯೇ ಒಪ್ಪಿರಲಿಲ್ಲ, ಆದ್ರೆ 2002ರ ಅಕ್ಟೋಬರಲ್ಲಿ ಜನರ ಮುಂದಿಟ್ಟ ವರದೀಲಿ ಇಲಾಖೆಯ ಹೆಸರೇ ಇಲ್ಲ, 'ಕೆಲವರು' ಹಾಗಂತಾರೆ ಅಂತ ಮುಗಿಸಿದ್ರು. ಅನುಮಾನ ಯಾರಿಗೂ ಬರ್ಲಿಲ್ಲ ಅಂತಲ್ಲ, ಮೇಲಕ್ಕೆ ಹೋಗ್ತಾ ಹೋಗ್ತಾ ಸೋರಿಹೋಯ್ತು. 1964ರಲ್ಲಿ ವಿಯೆಟ್ನಾಂ ಹತ್ರದ ಟೊಂಕಿನ್ ಕೊಲ್ಲೀಲೂ ಇದೇ ಕಥೆ, ಅಮೆರಿಕದ ಹಡಗುಗಳ ಮೇಲೆ ಆಗಸ್ಟ್ 4ಕ್ಕೆ ಆಯ್ತು ಅಂದ ದಾಳಿ ನಿಜವಾ ಅಂತ ಅಲ್ಲಿದ್ದ ಕಮಾಂಡರೇ ಅವತ್ತೇ ಅನುಮಾನಪಟ್ಟಿದ್ರೂ 7ನೇ ತಾರೀಖಿಗೆ ಅಮೆರಿಕದ ಸಂಸತ್ತು ಕಾಂಗ್ರೆಸ್‌ನಲ್ಲಿ ಸೇನೆ ಬಳಸೋಕೆ ಒಪ್ಪಿಗೆ ಕೊಡೋ ನಿರ್ಣಯ ಪಾಸ್.

ನಾನೀಗ ಆಡಿಟರ್. ನನ್ನ ಕಣ್ಣಿಗೆ ಬೀಳದೆ ವೋಚರ್ ಪಾಸಾಗಲ್ಲ ಅಂತ ಆಫೀಸಲ್ಲಿ ಹೆಸರಿದೆ, ಹೇಳ್ಕೊಳ್ಳೋದಲ್ಲ, ಇದೆ.

ಮೊನ್ನೆ ಅಕ್ಕನ ಮಗನ ಗೈಡ್ ತೆಗೆದು ನೋಡಿದ್ರೆ 'ಇರಾಕ್ ಯುದ್ಧದ ಕಾರಣಗಳು', ಐದು ಅಂಕ, ಐದು ಪಾಯಿಂಟ್. ಮೊದಲನೇದು, ಸಾಮೂಹಿಕ ವಿನಾಶದ ಅಸ್ತ್ರಗಳಿದ್ದವು ಅಂತ! ಗೈಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿ ಪುರಾವೆ ಕೇಳ್ದೆ. ಎಲ್ಲಾ ಗೈಡಲ್ಲೂ ಹಾಗೇ ಇದೆ ಸಾರ್ ಅಂದ್ರು.