ಟೆಂಡರಿನಲ್ಲಿ ಮೂರು ಜನ ಅಂದರೆ ಮೂರೂವರೆ ಜನ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿರೋ ಒಂದು ಮ್ಯಾನ್‌ಪವರ್ ಏಜೆನ್ಸಿಯಲ್ಲಿ ನಾನು ಟೆಂಡರ್ ಕೆಲಸ ನೋಡಿಕೊಳ್ಳುತ್ತೇನೆ. ಬೆಳಗಾವಿ, ಕಾರವಾರ ಕಡೆಯಿಂದ ಸೇನೆ, ನೌಕಾಪಡೆಯ ಟೆಂಡರುಗಳೂ ಬರುತ್ತವೆ. ಮೆಸ್ ಸ್ವಚ್ಛತೆ, ಕಸ ಎತ್ತೋದು, ಪಂಪ್‌ಹೌಸ್ ನಡೆಸೋದು, ಇಂಥವು. ಸೇನೆ ತಾನೇ ಮಾಡಿಕೊಳ್ಳುತ್ತಿದ್ದ ಎಷ್ಟೋ ಕೆಲಸ ಈಗ ಹೊರಗಿನವರ ಕೈಗೆ ಬಂದಿದೆ. 1889ರಿಂದ ಇದ್ದ ಮಿಲಿಟರಿ ಡೇರಿ ಫಾರಂಗಳನ್ನೇ 2021ರಲ್ಲಿ ಮುಚ್ಚಿದರು.

ಈಗ ಹೆಚ್ಚಿನವು ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನಲ್ಲೇ ನಡೆಯುತ್ತವೆ. ಕಾಗದಪತ್ರ ಸರಿ ಇದ್ದವರಲ್ಲಿ ಯಾರ ರೇಟು ಕಡಿಮೆಯೋ ಅವರೇ ಎಲ್‌1, ಕೆಲಸ ಅವರಿಗೆ. ಆದರೆ ಮ್ಯಾನ್‌ಪವರ್ ಟೆಂಡರಿನಲ್ಲಿ ರೇಟು ಇಳಿಸೋಕೆ ಜಾಗ ಎಲ್ಲಿದೆ? ಕನಿಷ್ಠ ಕೂಲಿ ಸರ್ಕಾರವೇ ಗೊತ್ತು ಮಾಡಿದ್ದು. ಪಿಎಫ್‌ಗೆ ಮಾಲೀಕರ ಕಡೆಯಿಂದ ಎಲ್ಲ ಸೇರಿ ಶೇ 13, ಇಎಸ್‌ಐಗೆ ಶೇ 3.25, ಬೋನಸ್ ಕನಿಷ್ಠ ಶೇ 8.33. ಇದನ್ನು ಯಾರೂ ಮುಟ್ಟೋ ಹಾಗಿಲ್ಲ. ಹಾಗಿದ್ದೂ ಒಬ್ಬರ ರೇಟು ತೀರಾ ಕೆಳಗೆ ಬಂದರೆ, ನಾನು ಕಂಡ ಮಟ್ಟಿಗೆ ಅದು ಕಡಿತ ಆಗೋದು ರಿಲೀವರ್, ಅಂದರೆ ರಜೆಯವರ ಬದಲಿಗೆ ಬರೋ ಆಳಿನ ಲೆಕ್ಕದಲ್ಲಿ.

ಲೆಕ್ಕ ನೋಡಿ. ದಿನದ 24 ತಾಸೂ ನಡೆಯೋ ಒಂದು ಪಂಪ್‌ಹೌಸ್. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ವಾರದ ರಜೆ ಕೊಟ್ಟರೆ ಒಬ್ಬ ಮಾಡೋದು ಆರು ಪಾಳಿ. 21ನ್ನು ಆರರಿಂದ ಭಾಗಿಸಿದರೆ ಬರೋದು ಮೂರೂವರೆ. ಟೆಂಡರಿನಲ್ಲಿ ಮಾತ್ರ ‘ಆಪರೇಟರ್ 3’ ಅಂತ ಇರುತ್ತದೆ. ಉಳಿದ ಅರ್ಧ ಆಳು ಯಾರು?

ಅಂಥ ಒಂದು ಕಡೆ ದುಡಿದು ನಮ್ಮಲ್ಲಿಗೆ ಬಂದ ರೋಣದ ಹುಡುಗ ಹೇಳಿದ: “ಐತವಾರ ಬಂತಂದ್ರ ಹದಿನಾರ ತಾಸು ರೀ ಸರ್. ಪಗಾರ ಅಷ್ಟ.” ಆ ಅರ್ಧ ಆಳು ಅವನೇ. ಸರ್ಕಾರಕ್ಕೆ ದುಡ್ಡು ಉಳಿಯಿತು ಅಂತ ಕಾಗದದಲ್ಲಿ ಕಾಣೋದು ಅವನ ನಿದ್ದೆ. ಇದನ್ನು ಸ್ಪರ್ಧೆ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಅದಕ್ಕೇ ನಾವು ಬಿಡ್ ಹಾಕೋ ಮೊದಲು ಲಿಖಿತವಾಗಿ ಕೇಳುತ್ತೇವೆ: ವಾರದ ರಜೆಗೆ ಬದಲಿ ಆಳಿನ ಖರ್ಚು ಯಾವ ಸಾಲಿನಲ್ಲಿದೆ? ಜೊತೆಗೆ ಡಿಜಿಆರ್ ದರಪಟ್ಟಿ ಲಗತ್ತಿಸುತ್ತೇವೆ. ಮಾಜಿ ಸೈನಿಕರ ಸೆಕ್ಯುರಿಟಿ ಏಜೆನ್ಸಿಗಳಿಗಾಗಿ ರಕ್ಷಣಾ ಸಚಿವಾಲಯದ ಕೆಳಗಿನ ಇಲಾಖೆಯೇ ಹೊರಡಿಸೋ ಪಟ್ಟಿ ಅದು. ಅದರಲ್ಲಿ ರಿಲೀವರ್‌ಗೆ ಆರನೇ ಒಂದು ಭಾಗ ಅಂತ ಬೇರೆ ಸಾಲೇ ಇದೆ. ಮೂರು ಜನಕ್ಕೆ ಆರನೇ ಒಂದು ಭಾಗ ಅಂದರೆ ಅರ್ಧ ಆಳು, ಲೆಕ್ಕ ಸರಿಹೋಯಿತು ಅಲ್ವಾ? ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಚೇರಿಯೇ ಕೊಡಬೇಕು ಅನ್ನೋ ಕಾನೂನನ್ನೂ ನೆನಪಿಸುತ್ತೇವೆ.

ಕೆಲವು ಅಧಿಕಾರಿಗಳು ಒಪ್ಪಿ ತಿದ್ದುಪಡಿ ಹೊರಡಿಸಿದ್ದಾರೆ. ಉತ್ತರ ಬಾರದಿದ್ದರೆ ನಾವು ಬಿಡ್ ಹಾಕಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರು ಸುಮ್ನೆ ಫೋನ್ ಮಾಡಿ ಕೇಳಬೇಡಿ. ಪ್ರೀ-ಬಿಡ್ ಗಡುವಿನೊಳಗೆ, ಅಂದರೆ ಬಿಡ್‌ಗೆ ಮೊದಲು ಪ್ರಶ್ನೆ ಕೇಳೋಕೆ ಕೊಟ್ಟ ದಿನದೊಳಗೆ, ಬರೆದು ಕಳಿಸಿ. ಬರವಣಿಗೆಯಲ್ಲಿ ಹೋದ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ, ಮುಂದಿನ ವರ್ಷದ ಟೆಂಡರ್ ಬರೆಯುವವರೂ ಅದನ್ನು ಓದುತ್ತಾರೆ.