ಹನ್ನೆರಡು ಪದ, ಒಂದು ಸುತ್ತಿಗೆ: ಬಿಟ್‌ಕಾಯಿನ್ ಕೀಲಿಯನ್ನು ಮನೆಯಲ್ಲೇ ಕಾಯುವ ಕೆಲಸದ ದಿನಚರಿ

ಶುರುವಾದದ್ದು

2021ರಿಂದೀಚೆಗೆ ಸಂಬಳದಲ್ಲಿ ಉಳಿದ ಚಿಲ್ಲರೆಯಲ್ಲಿ ಕೊಂಡ ಬಿಟ್‌ಕಾಯಿನ್ ನನ್ನ ಬಳಿ ಒಂದಿಷ್ಟಿದೆ. ಎಷ್ಟೆಂದು ಕೇಳಬೇಡಿ, ಬೈಕ್ ಬರುತ್ತದೆ, ಕಾರು ಬರುವುದಿಲ್ಲ. ಇಷ್ಟು ದಿನ ಅದು ಕೊಂಡ ವಿನಿಮಯ ಕೇಂದ್ರದ ಖಾತೆಯಲ್ಲೇ ಬಿದ್ದಿತ್ತು. ಖರ್ಚು ಮಾಡಲು ಬೇಕಾದ ಗುಪ್ತ ಕೀಲಿ ಅವರದು, ಪರದೆಯ ಮೇಲಿನ ಅಂಕಿ ಮಾತ್ರ ನನ್ನದು. 2024ರ ಜುಲೈನಲ್ಲಿ ದೇಶದ ದೊಡ್ಡ ವಿನಿಮಯ ಕೇಂದ್ರವೊಂದರಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳುವಾದವು. ನನ್ನ ಖಾತೆ ಅಲ್ಲಿರಲಿಲ್ಲ, ನಿದ್ದೆ ಮಾತ್ರ ನನ್ನದೂ ಹೋಯಿತು.

ಕೀಲಿಯನ್ನು ನಮ್ಮ ಬಳಿಯೇ ಇಟ್ಟುಕೊಳ್ಳಲೆಂದೇ ಮಾಡಿದ ‘ಹಾರ್ಡ್‌ವೇರ್ ವಾಲೆಟ್’ ಎಂಬ ಪುಟ್ಟ ಸಾಧನ ಕೊಂಡರೆ ಮುಗಿಯಿತಲ್ಲ ಎಂದು ಗೆಳೆಯರು ಹೇಳಿದರು. ಹಲವು ಸಾವಿರ ಕೊಡಲು ಮನಸ್ಸಾಗಲಿಲ್ಲ ಎನ್ನುವುದು ನಿಜ. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಕೊಳ್ಳುವವರ ಪಟ್ಟಿ. 2020ರಲ್ಲಿ ಇಂಥ ಸಾಧನ ಮಾಡುವ ಲೆಡ್ಜರ್ ಕಂಪನಿಯ ಗ್ರಾಹಕರ ಮಾಹಿತಿ ಸೋರಿದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಬಯಲಾದವು. ಸಾಧನ ಗಟ್ಟಿಯಾಗಿಯೇ ಇತ್ತು, ಆದರೆ ಅದು ಯಾರ ಮನೆಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಾಯಿತು. ದಾವಣಗೆರೆಯಂಥ ಊರಿನಲ್ಲಿ ಕೊರಿಯರ್ ಹುಡುಗನಿಗೆ ಗೊತ್ತಾದದ್ದು ಸಂಜೆಯೊಳಗೆ ಬೀದಿಗೆ ಗೊತ್ತಾಗುತ್ತದೆ. ಹಾಗಾಗಿ ಮನೆಯಲ್ಲಿರುವುದರಲ್ಲೇ ಮಾಡಿ ನೋಡೋಣ ಎಂದು ಕೂತೆ.

ಮೊದಲ ಭಾನುವಾರ: ಲ್ಯಾಪ್‌ಟಾಪ್

ಅಟ್ಟದ ಮೇಲಿದ್ದ 2012ರ ಲ್ಯಾಪ್‌ಟಾಪ್ ಇಳಿಸಿದೆ. ಬ್ಯಾಟರಿ ಸತ್ತಿದೆ, ಚಾರ್ಜರ್ ಚುಚ್ಚಿಯೇ ಇಡಬೇಕು. ತಳದ ಮುಚ್ಚಳ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದೆ. ಪಕ್ಕದಲ್ಲೇ ಬೆರಳಗಲದ ವೈಫೈ ಕಾರ್ಡ್, ಅದಕ್ಕೆ ಅಂಟಿದ ಎರಡು ಕೂದಲೆಳೆ ವೈರುಗಳು. ವೈರುಗಳನ್ನು ಉಗುರಿನಿಂದ ಮೇಲೆತ್ತಿ ತುದಿಗೆ ಟೇಪ್ ಸುತ್ತಿ, ಕಾರ್ಡನ್ನು ಕಿತ್ತಿಟ್ಟೆ. ಬ್ಲೂಟೂತ್ ಕೂಡ ಅದೇ ಕಾರ್ಡಿನಲ್ಲಿತ್ತು. ಈಗ ಈ ಯಂತ್ರ ಹೊರಗಿನವರೊಂದಿಗೆ ಮಾತಾಡಬೇಕೆಂದರೂ ಅದಕ್ಕೆ ಬಾಯಿಯೇ ಇಲ್ಲ.

ಇದರ ಮೇಲೆ ಓಡಿಸುವುದು ಟೇಲ್ಸ್. ಪೆನ್‌ಡ್ರೈವಿನಿಂದಲೇ ನಡೆಯುವ, ಆರಿಸಿದ ಕೂಡಲೇ ಎಲ್ಲವನ್ನೂ ಮರೆತುಬಿಡುವ ವ್ಯವಸ್ಥೆ ಅದು. ಎಲೆಕ್ಟ್ರಮ್ ಎಂಬ ಬಿಟ್‌ಕಾಯಿನ್ ವಾಲೆಟ್, ಅಂದರೆ ಕೀಲಿ ನೋಡಿಕೊಳ್ಳುವ ತಂತ್ರಾಂಶ, ಅದರೊಳಗೇ ಇರುತ್ತದೆ. ಇಲ್ಲಿ ಅರ್ಧ ದಿನ ಹಾಳಾಯಿತು. ಡ್ರಾಯರಿನಲ್ಲಿದ್ದ 4 ಜಿಬಿ ಪೆನ್‌ಡ್ರೈವಿಗೆ ತುಂಬಲು ಹೋಗಿ ಮೂರು ಸಲ ಸೋತ ಮೇಲೆ, ಕನಿಷ್ಠ 8 ಜಿಬಿ ಬೇಕೆಂದು ಮೊದಲ ಸಾಲಿನಲ್ಲೇ ಬರೆದಿದ್ದನ್ನು ಓದಿದೆ. ಪ್ರಯೋಗಾಲಯದಲ್ಲಿ ಹುಡುಗರಿಗೆ ‘ಮೊದಲು ಸೂಚನೆ ಓದಿ’ ಎಂದು ದಿನವೂ ಗದರುವವನು ನಾನು.

ಇಳಿಸಿಕೊಂಡ ಕಡತ ಅಸಲಿಯೇ ಎಂದು ಅದರ ಡಿಜಿಟಲ್ ಸಹಿ ತಾಳೆ ನೋಡುವುದನ್ನು ಮಾತ್ರ ತಪ್ಪಿಸಲಿಲ್ಲ. 2018ರ ಕೊನೆಯಲ್ಲಿ ಎಲೆಕ್ಟ್ರಮ್ ಬಳಸುವವರ ಪರದೆಯ ಮೇಲೆ, ದುರುಳರು ನಡೆಸುತ್ತಿದ್ದ ಸರ್ವರುಗಳಿಂದ ‘ಹೊಸ ಆವೃತ್ತಿ ಹಾಕಿಕೊಳ್ಳಿ’ ಎಂಬ ಸಂದೇಶ ಬರುತ್ತಿತ್ತು. ನಂಬಿ ಹಾಕಿಕೊಂಡವರ ನಾಣ್ಯ ಹೋಯಿತು. ಬೀಗ ಮುರಿಯುವ ಶ್ರಮವನ್ನೇ ತೆಗೆದುಕೊಳ್ಳದೆ ಮನೆಯವರ ಕೈಗೆ ನಕಲಿ ಬೀಗ ಕೊಟ್ಟು ಹೋದ ಕಳ್ಳತನ ಅದು.

ಎರಡನೆಯ ಭಾನುವಾರ: ನಾಣ್ಯ ಚಿಮ್ಮುವುದು

ಕೀಲಿ ಎಂದರೆ ಕೊನೆಗೆ ಒಂದು ದೊಡ್ಡ ಸಂಖ್ಯೆ. ಅದನ್ನು ಮನುಷ್ಯರು ಬರೆದಿಡುವಂತೆ ಹನ್ನೆರಡು ಇಂಗ್ಲಿಷ್ ಪದಗಳಾಗಿ ಮಾಡುವ ಒಪ್ಪಿತ ಕ್ರಮ 2013ರಿಂದ ಇದೆ, ಹೆಸರು ಬಿಪ್ 39. ಪಟ್ಟಿಯಲ್ಲಿ 2048 ಪದಗಳು. ಹನ್ನೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 2048. ಹಾಗಾಗಿ ನಾಣ್ಯವನ್ನು ಹನ್ನೊಂದು ಸಲ ಚಿಮ್ಮಿದರೆ ಒಂದು ಪದ ಸಿಗುತ್ತದೆ. ಮೊದಲ ಚಿಮ್ಮಿಗೆ 1024, ಎರಡನೆಯದಕ್ಕೆ 512, ಹೀಗೆ ಅರ್ಧವಾಗುತ್ತಾ 1ರವರೆಗೆ. ಸಿಂಹ ಬಿದ್ದರೆ ಕೂಡಿಸು, ಅಂಕಿ ಬಿದ್ದರೆ ಬಿಡು. ಬಂದ ಮೊತ್ತಕ್ಕೆ ಒಂದು ಸೇರಿಸಬೇಕು, ಏಕೆಂದರೆ ಚಿಮ್ಮುವಿಕೆ ಸೊನ್ನೆಯಿಂದ ಎಣಿಸುತ್ತದೆ, ನಾನು ಮುದ್ರಿಸಿಕೊಂಡ ಪಟ್ಟಿ ಒಂದರಿಂದ.

ವಾಲೆಟ್ಟೇ ಪದಗಳನ್ನು ಹುಟ್ಟಿಸಿ ಕೊಡುವಾಗ ಈ ಒದ್ದಾಟವೇಕೆ? 2023ರ ಆಗಸ್ಟ್‌ನಲ್ಲಿ ಲಿಬ್‌ಬಿಟ್‌ಕಾಯಿನ್ ಎಕ್ಸ್‌ಪ್ಲೋರರ್ ಎಂಬ ಉಪಕರಣದ ಹುಳುಕು ಹೊರಬಿತ್ತು. ನೋಡಲು ಉದ್ದುದ್ದ ಕೀಲಿ ಕೊಡುತ್ತಿದ್ದ ಅದು ಒಳಗೆ ಬಳಸುತ್ತಿದ್ದದ್ದು ಬರೀ 32 ಬಿಟ್, ಅಂದರೆ 32 ಚಿಮ್ಮಿನಷ್ಟು, ಸುಮಾರು 430 ಕೋಟಿ ಸಾಧ್ಯತೆ. ನಮಗೆ ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಸಂಜೆಯ ಕೆಲಸ. ಎಲೆಕ್ಟ್ರಮ್ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಐದು ರೂಪಾಯಿ ನಾಣ್ಯದೊಳಗೆ ಹುಳುಕು ಇಲ್ಲವೆಂದು ನಾನೇ ನೋಡಿ ಹೇಳಬಲ್ಲೆ.

ಕೋಣೆಯ ಬಾಗಿಲು ಹಾಕಿ, ಮೊಬೈಲನ್ನು ಅಡುಗೆಮನೆಯಲ್ಲಿ ಬಿಟ್ಟು ಕೂತೆ. ಪದಗಳ ಚಿತ್ರ ತೆಗೆದುಕೊಳ್ಳುವ ಮಾತೇ ಇಲ್ಲ. 2025ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶ ಫೋನಿನ ಫೋಟೋಗಳನ್ನು ಓದಿ ಇಂಥ ಪದಗಳನ್ನೇ ಹುಡುಕುತ್ತಿತ್ತು. ಪುಸ್ತಕದ ಮೇಲಿಟ್ಟು ಬರೆದರೆ ಕೆಳಗಿನ ಹಾಳೆಗೆ ಅಚ್ಚು ಬೀಳುತ್ತದೆಂದು ಒಂಟಿ ಹಾಳೆಯನ್ನು ಊಟದ ತಟ್ಟೆಯ ಬೆನ್ನಿನ ಮೇಲಿಟ್ಟು ಬರೆದೆ. ಟಣ್ ಟಣ್ ಸದ್ದು ಕೇಳಿ ಅಮ್ಮ ಹೊರಗಿನಿಂದ, “ಏನೋ ಅದು, ಚೌಕಾಬಾರವೇ? ಕವಡೆ ಕೊಡಲೇನು?” ಎಂದರು.

ಕವಡೆ ನಾಣ್ಯದಂತಲ್ಲ, ಒಂದು ಮಗ್ಗುಲಿಗೆ ಹೆಚ್ಚು ಬೀಳುತ್ತದೆ. ಆದರೂ ಅದರಿಂದ ನ್ಯಾಯವಾದ ಉತ್ತರ ತೆಗೆಯುವ ಉಪಾಯವೊಂದನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ ಹೇಳಿದ್ದಾನೆ. ಒಂದೇ ಕವಡೆಯನ್ನು ಎರಡೆರಡು ಸಲ ಹಾಕಬೇಕು. ಮೊದಲು ಅಂಗಾತ ಆಮೇಲೆ ಬೋರಲು ಬಿದ್ದರೆ ಒಂದು, ಮೊದಲು ಬೋರಲು ಆಮೇಲೆ ಅಂಗಾತವಾದರೆ ಸೊನ್ನೆ, ಎರಡೂ ಒಂದೇ ಬಂದರೆ ಲೆಕ್ಕಕ್ಕಿಲ್ಲ. ಪ್ರತಿ ಉತ್ತರಕ್ಕೆ ಸರಾಸರಿ ನಾಲ್ಕು ಸಲವಾದರೂ ಹಾಕಬೇಕಾದ್ದರಿಂದ ಅಮ್ಮನ ಕವಡೆ ಡಬ್ಬಿಯಲ್ಲೇ ಉಳಿಯಿತು.

ಹನ್ನೊಂದು ಪದಕ್ಕೆ 121 ಚಿಮ್ಮು. ಹನ್ನೆರಡನೆಯ ಪದದಲ್ಲಿ ತಾಳೆ ನೋಡುವ ನಾಲ್ಕು ಬಿಟ್ ಅಡಗಿರುವುದರಿಂದ ಸಿಕ್ಕ ಪದವೆಲ್ಲ ನಡೆಯುವುದಿಲ್ಲ, ಹದಿನಾರರಲ್ಲಿ ಒಂದು ಮಾತ್ರ ಹೊಂದುತ್ತದೆ. ಬಾಯಿ ಕಟ್ಟಿದ ಲ್ಯಾಪ್‌ಟಾಪಿನಲ್ಲಿ ಎಲೆಕ್ಟ್ರಮ್ ತೆರೆದು, ಬಿಪ್ 39 ಎಂದು ಗುರುತು ಹಾಕಿ, ಹನ್ನೊಂದು ಪದ ಹೊಡೆದು, ಕೊನೆಯದಕ್ಕೆ ಚಿಮ್ಮುತ್ತಾ ಹೋದೆ. ಪರದೆ ‘ಸರಿಯಿಲ್ಲ’ ಎಂದಾಗಲೆಲ್ಲ ಮತ್ತೆ ಹನ್ನೊಂದು ಚಿಮ್ಮು. ಹತ್ತೊಂಬತ್ತನೆಯ ಪದ ಹೊಂದಿತು. ಒಟ್ಟು 330 ಚಿಮ್ಮು. ಹೆಬ್ಬೆರಳಿನ ಉಗುರು ಮರುದಿನ ಸೀಮೆಸುಣ್ಣ ಹಿಡಿಯಲೂ ಬಿಡಲಿಲ್ಲ.

ಮೂರನೆಯ ವಾರ: ಅಚ್ಚು ಹೊಡೆಯುವುದು

ಕಾಗದ ಸಾಲದು. ಗೆದ್ದಲು, ಮಳೆ, ಮನೆ ಸ್ವಚ್ಛ ಮಾಡುವ ಹುಮ್ಮಸ್ಸು, ಮೂರೂ ನಮ್ಮ ಮನೆಯಲ್ಲಿವೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದುಕೊಡುವ ಗಿರ್ರೆನ್ನುವ ಪೆನ್ನು ಮೊದಲು ನೆನಪಾಯಿತು. ಅಂಗಡಿಯವನ ಮುಂದೆ ಹನ್ನೆರಡು ಪದ ಹೇಳುವಂತಿಲ್ಲವಲ್ಲ! ಪರಿಚಯದವರಿಂದ ಅದನ್ನೇ ಒಂದು ದಿನದ ಮಟ್ಟಿಗೆ ಇಸಿದುಕೊಂಡೆ. ಜೊತೆಗೆ ಮಂಡಿಪೇಟೆಯಿಂದ ಇಂಗ್ಲಿಷ್ ಅಕ್ಷರಗಳ ಪಂಚ್ ಸೆಟ್ ತಂದೆ. ಹಾರ್ಡ್‌ವೇರ್ ವಾಲೆಟ್ ಬೇಡವೆಂದವನು ಕೊನೆಗೆ ಹೋದದ್ದು ಹಾರ್ಡ್‌ವೇರ್ ಅಂಗಡಿಗೇ. ಗೇಟು, ಕೌಂಟರ್ ಮಾಡುವ ವರ್ಕ್‌ಶಾಪಿನಿಂದ ಅಂಗೈ ಅಗಲದ ಸ್ಟೀಲ್ ತುಂಡುಗಳು ಸಿಕ್ಕವು, ಎರಡು ಮಿಲಿಮೀಟರ್ ದಪ್ಪದವು.

ಪಟ್ಟಿಯ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲದಂತೆ ಪದಗಳನ್ನು ಆರಿಸಿದ್ದಾರೆ. ಹಾಗಾಗಿ ಪದಕ್ಕೆ ನಾಲ್ಕೇ ಅಕ್ಷರ ಹೊಡೆದರೆ ಸಾಕು, ಒಟ್ಟು 48 ಏಟು. ಅಭ್ಯಾಸಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಪರೀಕ್ಷೆಯ ಪದಗಳನ್ನೇ ಬಳಸಿದೆ: ‘ಅಬ್ಯಾಂಡನ್’ ಹನ್ನೊಂದು ಸಲ, ಕೊನೆಗೊಂದು ‘ಅಬೌಟ್’. ಇದರಿಂದ ಹುಟ್ಟುವ, ನಾಣ್ಯ ಪಡೆಯುವ ವಿಳಾಸ ಯಾವುದೆಂಬುದು ಪ್ರಕಟವಾಗಿರುವುದರಿಂದ ನನ್ನ ಎಲೆಕ್ಟ್ರಮ್ ಲೆಕ್ಕ ಸರಿಯಿದೆಯೇ ಎಂದು ಅದರಲ್ಲೇ ತಾಳೆ ನೋಡಿಕೊಂಡಿದ್ದೆ.

ಸ್ಟೀಲಿಗೆ ಏಟು ಒಂದೇ ಸಲ ಬೀಳಬೇಕು. ಎರಡನೆಯ ಏಟಿಗೆ ಪಂಚ್ ಒಂದೆಳೆ ಜಾರಿ ಅಕ್ಷರ ಎರಡಾಗಿ ಕಾಣುತ್ತದೆ. ರೈಲು ಹಳಿಯ ತುಂಡಿನ ಮೇಲಿಟ್ಟು ಒಂದು ಕಿಲೋ ಸುತ್ತಿಗೆಯಲ್ಲಿ ಹೊಡೆದ ಮೇಲೆ ಸರಿಹೋಯಿತು. ಆದರೆ ಮೊದಲ ತುಂಡಿನಲ್ಲಿ ನಾಲ್ಕನೆಯ ಪದದ ‘ಎನ್’ ಇರಬೇಕಾದಲ್ಲಿ ‘ಝಡ್’ ಕೂತಿತ್ತು. ಪಂಚ್ ಬೆರಳಿನಲ್ಲಿ ಕಾಲು ಸುತ್ತು ತಿರುಗಿದರೆ ಎನ್ ಹೋಗಿ ಝಡ್ ಆಗುತ್ತದೆ, ತಲೆಕೆಳಗಾದರೆ ‘ಎಂ’ ಎನ್ನುವುದು ‘ಡಬ್ಲ್ಯು’ ಆಗುತ್ತದೆ. ನಿಜವಾದ ತಗಡಿನಲ್ಲಿ ಹೀಗಾಗಿ, ಹತ್ತು ವರ್ಷದ ಮೇಲೆ ಓದಿದವರ ಗತಿ? ಹೆಂಡತಿಯ ಉಗುರುಬಣ್ಣ ತೆಗೆದುಕೊಂಡು ಪ್ರತಿ ಪಂಚಿನ ಎದುರು ಮಗ್ಗುಲಿಗೂ ಒಂದೊಂದು ಕೆಂಪು ಚುಕ್ಕೆ ಇಟ್ಟೆ. ಚುಕ್ಕೆ ನನ್ನ ಕಡೆ ನೋಡುತ್ತಿದ್ದರೆ ಮಾತ್ರ ಏಟು. ಇಡೀ ಯೋಜನೆಯಲ್ಲಿ ನನಗೆ ಹೆಮ್ಮೆ ತಂದ ಏಕೈಕ ಆವಿಷ್ಕಾರ ಇದು.

ಬೆಂಕಿಯ ಪರೀಕ್ಷೆ

ಮನೆಗೆ ಬೆಂಕಿ ಬಿದ್ದರೆ ಎಂಬ ಪ್ರಶ್ನೆಗೆ ಉತ್ತರ ಈ ಊರಿನಲ್ಲಿ ದೂರವಿಲ್ಲ. ಪರಿಚಯದವರೊಬ್ಬರ ಮಂಡಕ್ಕಿ ಭಟ್ಟಿಗೆ ನಾಲ್ಕು ಮಾದರಿ ಹಿಡಿದು ಹೋದೆ: ಲ್ಯಾಮಿನೇಟ್ ಮಾಡಿಸಿದ ಕಾಗದ, ಅಲ್ಯೂಮಿನಿಯಂ ಪಟ್ಟಿ, ಪೆನ್ನಿನಲ್ಲಿ ಕೊರೆದ ಸ್ಟೀಲು, ಪಂಚ್ ಹೊಡೆದ ಸ್ಟೀಲು. ಯಜಮಾನರು ಪಂಚ್ ಹೊಡೆದದ್ದನ್ನು ಬೆಳಕಿಗೆ ಹಿಡಿದು, ಸಾಲುಸಾಲಾಗಿ ಒಂದೇ ಅಕ್ಷರಗಳು ಇರುವುದನ್ನು ಕಂಡು, ದನಿ ತಗ್ಗಿಸಿ ಕೇಳಿದರು:

“ಮೇಷ್ಟ್ರೇ, ಯಾರಿಗಾದರೂ ಮಾಟ ಮಾಡಿಸುತ್ತಿದ್ದೀರಾ?”

“ಇಲ್ಲ ಯಜಮಾನರೇ, ಕಾಲೇಜಿನ ಪ್ರಯೋಗ.”

“ತಗಡಿನ ಮೇಲೆ ಒಂದೇ ಮಾತನ್ನು ಹನ್ನೊಂದು ಸಲ ಬರೆದು ಬೆಂಕಿಗೆ ಹಾಕುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ,” ಎಂದು ನಕ್ಕು, ಒಲೆಯ ಬಾಯಿಗೆ ತಾವೇ ಸಲಿಕೆಯಲ್ಲಿ ತಳ್ಳಿದರು.

ಒಂದು ಗಂಟೆ, ಎರಡು ಚಹಾ, ಒಂದು ತಟ್ಟೆ ಖಾರ ಮಂಡಕ್ಕಿ. ಇಕ್ಕಳದಲ್ಲಿ ಎಳೆದಾಗ ಕಾಗದದ ಗುರುತೂ ಇರಲಿಲ್ಲ. 660 ಡಿಗ್ರಿಗೆ ಕರಗುವ ಅಲ್ಯೂಮಿನಿಯಂ ಒಂದು ಮೂಲೆಯಲ್ಲಿ ಮುದ್ದೆಯಾಗಿ, ಮೂರು ಪದ ನುಂಗಿಕೊಂಡಿತ್ತು. ಸ್ಟೀಲ್ ಕರಗಲು ಸುಮಾರು 1400 ಡಿಗ್ರಿ ಬೇಕು. ಎರಡು ತುಂಡೂ ನೀಲಿ ಕಪ್ಪು ಬಣ್ಣಕ್ಕೆ ತಿರುಗಿ ಹಾಗೇ ಇದ್ದವು. ಮನೆಗೆ ತಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಪೆನ್ನಿನಲ್ಲಿ ಕೊರೆದದ್ದನ್ನು ಓದಲು ಓರೆಯಾಗಿ ಹಿಡಿದು ಊಹಿಸಬೇಕಾಯಿತು. ಪಂಚಿನ ಅಕ್ಷರಗಳನ್ನು ಕಣ್ಣು ಮುಚ್ಚಿ ಬೆರಳಿನಲ್ಲೇ ಓದಬಹುದಿತ್ತು.

ಅಂದು ರಾತ್ರಿ ನಿಜವಾದ ಪದಗಳನ್ನು ಎರಡು ತಗಡಿಗೆ ಹೊಡೆದೆ. ರಾತ್ರಿ ಎಂದರೆ ಪಕ್ಕದ ಮನೆಯವರು ಮದುವೆಗೆ ಹೋಗಿದ್ದ ರಾತ್ರಿ. ಹಾಳೆ ಸುಟ್ಟೆ. ಒಂದು ತಗಡು ಈ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಎಲ್ಲೆಂದು ಬರೆಯುವಷ್ಟು ದಡ್ಡನಲ್ಲ. ತಗಡಿಗೆ ಆರಾರು ಪದ ಹಂಚಿಡುವ ಯೋಚನೆಯೂ ಬಂದಿತ್ತು, ಬಿಟ್ಟೆ. ಹಾಗೆ ಮಾಡಿದರೆ ಎರಡರಲ್ಲಿ ಯಾವುದು ಕಳೆದರೂ ಎಲ್ಲ ಹೋಗುತ್ತದೆ.

ಹಣ ಸಾಗಿಸಿದ್ದು

ಇದು ಬೇಗ ಮುಗಿಯಿತು. ಖರ್ಚು ಮಾಡುವ ಕೀಲಿ ಬಾಯಿ ಕಟ್ಟಿದ ಯಂತ್ರದಲ್ಲೇ ಉಳಿಯಿತು. ಬರೀ ನೋಡಲು ಬರುವ ಸಾರ್ವಜನಿಕ ಕೀಲಿಯನ್ನು ಪೆನ್‌ಡ್ರೈವಿನಲ್ಲಿ ದಿನಬಳಕೆಯ ಕಂಪ್ಯೂಟರಿಗೆ ತಂದು ಇನ್ನೊಂದು ಎಲೆಕ್ಟ್ರಮ್‌ಗೆ ಕೊಟ್ಟೆ. ಇದನ್ನು ಕದ್ದವರು ನನ್ನ ಬಡತನ ನೋಡಬಹುದು, ಬಿಟ್‌ಕಾಯಿನ್ನಿನ ಅತಿ ಸಣ್ಣ ಚೂರಾದ ಒಂದು ಸತೋಶಿಯನ್ನೂ ಮುಟ್ಟಲಾರರು. ಕಳುಹಿಸುವಾಗ ಇಲ್ಲಿ ಪಾವತಿಯ ಚೀಟಿ ಬರೆದು, ಬಾಯಿ ಕಟ್ಟಿದ ಯಂತ್ರದಲ್ಲಿ ಸಹಿ ಹಾಕಿಸಿ, ಮತ್ತೆ ಇಲ್ಲಿಂದ ಜಾಲಕ್ಕೆ ಬಿಡುವುದು. ಮೊದಲು ಪುಡಿಕಾಸು ತರಿಸಿ, ಯಂತ್ರ ಆರಿಸಿ, ತಗಡು ನೋಡಿಯೇ ಮತ್ತೆ ವಾಲೆಟ್ ಹುಟ್ಟಿಸಿ, ಅದರಲ್ಲಿ ಸ್ವಲ್ಪ ವಾಪಸು ಕಳುಹಿಸಿದೆ. ಅದು ತಲುಪಿದ ಮೇಲೆ ಉಳಿದದ್ದನ್ನು ತರಿಸಿದೆ. ಕೊಂಡ ದಿನಾಂಕ, ಕೊಂಡ ಬೆಲೆ ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿದ್ದೇನೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ 30 ತೆರಿಗೆ ಇದೆ. ಮಾರಿದ ವರ್ಷ ರಿಟರ್ನ್‌ನಲ್ಲಿ ಈ ವಿವರಗಳನ್ನು ಕೇಳುತ್ತಾರೆ, ವಿನಿಮಯ ಕೇಂದ್ರ ಅಷ್ಟರಲ್ಲಿ ಇರುತ್ತದೆಂದು ಯಾರು ಬಲ್ಲರು.

ಹನ್ನೆರಡು ಪದದ ಮೇಲೊಂದು ಗುಪ್ತಪದ ಸೇರಿಸುವ ಸೌಲಭ್ಯವೂ ಇದೆ. ಪರೀಕ್ಷೆಯ ವಾಲೆಟ್ಟಿನಲ್ಲಿ ಒಂದಿಷ್ಟು ಪುಡಿ ಇಟ್ಟು, ಮರುದಿನ ಒಂದು ದೊಡ್ಡಕ್ಷರವನ್ನು ಚಿಕ್ಕದಾಗಿ ಹೊಡೆದೆ. ತಪ್ಪು ಎನ್ನಲಿಲ್ಲ. ಸುಮ್ಮನೆ ಬೇರೊಂದು ಖಾಲಿ ವಾಲೆಟ್ ತೆರೆಯಿತು. ಆ ಖಾಲಿ ಪರದೆ ಕಂಡು ಎದೆ ಧಸಕ್ಕೆಂದಿತು. ನನ್ನ ಮೊತ್ತಕ್ಕೆ ಕಳ್ಳನಿಗಿಂತ ನನ್ನ ಮರೆವೇ ದೊಡ್ಡ ಅಪಾಯ ಎಂದು ಅದನ್ನು ಕೈಬಿಟ್ಟೆ.

ಐದನೆಯ ಭಾನುವಾರ: ಹೆಂಡತಿಯ ಸರದಿ

ನಾನಿಲ್ಲದಿದ್ದರೆ ಇದನ್ನು ತೆರೆಯಬೇಕಾದವಳು ಅವಳು. ಎರಡು ಪುಟದ ಪತ್ರ ಬರೆದು, ತಗಡು, ಲ್ಯಾಪ್‌ಟಾಪ್, ಪೆನ್‌ಡ್ರೈವ್ ಮುಂದಿಟ್ಟು, ನಾನು ತುಟಿ ಬಿಚ್ಚುವುದಿಲ್ಲವೆಂದು ದೂರ ಕೂತೆ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೊದಲು ಕೆಂಪು ಪೆನ್ನು ತೆಗೆದಳು.

“ಇದು ಯಾರಿಗೆ ಬರೆದ ಪತ್ರ? ‘ಎಂದಿನಂತೆ ಬೂಟ್ ಮಾಡಿ’ ಎಂದಿದ್ದೀರಿ. ಎಂದಿನಂತೆ ಎಂದರೆ ಯಾರಿಗೆ ಎಂದಿನಂತೆ?”

ಯಂತ್ರ ಹೊತ್ತಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಪದಗಳನ್ನು ನನಗಿಂತ ಚೊಕ್ಕವಾಗಿ ಹೊಡೆದಳು. ಆಮೇಲೆ ವಿಳಾಸದ ಬಗೆ ಯಾವುದೆಂದು ಪರದೆ ಕೇಳಿತು, ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಅವಳು ಮೂರರಲ್ಲಿ ಮೊದಲನೆಯದನ್ನು ಒತ್ತಿದಳು. ‘bc1’ ಎಂದು ಶುರುವಾಗಬೇಕಾದ ವಿಳಾಸ 1 ಎಂದು ಶುರುವಾಯಿತು, ಅಂದರೆ ಅದೇ ಪದಗಳಿಂದ ಹುಟ್ಟಿದ ಬೇರೆಯೇ ವಾಲೆಟ್. ಎಲೆಕ್ಟ್ರಮ್ ತಾನೇ ಹುಡುಕಿ ಹೇಳಬಲ್ಲದು, ಆದರೆ ಅದಕ್ಕೆ ಇಂಟರ್ನೆಟ್ ಬೇಕು. ಬಾಯಿ ಕಟ್ಟಿದವನು ನಾನೇ. ಪದಗಳಿಂದ ನನ್ನ ವಿಳಾಸ ಹುಟ್ಟಿಸುವ ಸರಿಯಾದ ದಾರಿಯ ಸಂಖ್ಯೆ 84. ಅದು ಎಲ್ಲಿಯೂ ಬರೆದಿರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಇತ್ತು.

ಪತ್ರವನ್ನು ಈಗ ಅವಳೇ ತನ್ನ ಕೈಬರಹದಲ್ಲಿ, ಮೂರನೆಯ ತರಗತಿಗೆ ಬರೆದಂತೆ ಬರೆದಿದ್ದಾಳೆ, ನನ್ನದು ಒಲೆಗೆ ಹೋಯಿತು. ತಗಡಿನ ಬೆನ್ನಿಗೂ 84 ಇರಲೆಂದು ನೋಡಿದರೆ ನನ್ನ ಸೆಟ್ಟಿನಲ್ಲಿ ಅಂಕಿಗಳೇ ಇಲ್ಲ. ಗ್ಯಾರೇಜಿನವರಿಂದ ಎಂಟನ್ನೂ ನಾಲ್ಕನ್ನೂ ಎರವಲು ತಂದು, ಚುಕ್ಕೆ ಇಟ್ಟು, ಮನೆಯ ತಗಡಿಗೆ ಹೊಡೆದೆ. ಬೇರೆ ಊರಿನದು ಬಾಕಿ ಇದೆ. ಹಬ್ಬಕ್ಕೆ ಹೋದಾಗ ಮಾಡಬೇಕು. ಒಂದು ಕಿಲೋ ಸುತ್ತಿಗೆ, ಹಳಿಯ ತುಂಡು ಹೊತ್ತು ಹಬ್ಬದೂಟಕ್ಕೆ ಏಕೆ ಬಂದಿರಿ ಎಂದರೆ ಏನು ಹೇಳುವುದೆಂದು ಇನ್ನೂ ಹೊಳೆದಿಲ್ಲ.