ಹೆಜ್ಜಾರ್ಲೆ ಕಪ್ಪಾಗಿದ್ದು ಯಾಕೆ?

ಫೆಬ್ರವರಿಯ ಒಂದು ಶುಕ್ರವಾರ ರಾತ್ರಿ ಹೊಸ ಕ್ಯಾಮೆರಾ ಮನೆಗೆ ಬಂತು. ಬ್ಯಾಟರಿ ಚಾರ್ಜಿಗೆ ಹಾಕಿದೆ. ಜೊತೆಗೆ ಬಂದ ಪುಸ್ತಕವನ್ನು ನಾಲ್ಕು ಪುಟ ತಿರುವಿ ಪಕ್ಕಕ್ಕಿಟ್ಟೆ. ಅದನ್ನೆಲ್ಲ ಓದೋಕೆ ತಾಳ್ಮೆ ಯಾರಿಗಿದೆ? ಬೆಳಗ್ಗೆ ಐದಕ್ಕೇ ಬೈಕ್ ಹತ್ತಿ ಕೊಕ್ಕರೆಬೆಳ್ಳೂರಿನ ದಾರಿ ಹಿಡಿದೆ. ಬೆಂಗಳೂರಿಂದ ಹೆಚ್ಚುಕಮ್ಮಿ 80 ಕಿಲೋಮೀಟರ್. ಮೈಸೂರು ರಸ್ತೆಯಲ್ಲಿ ಹೋಗಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು.

ಅದೇ ಊರು ಯಾಕೆ ಅಂದರೆ, ನನ್ನ ಹತ್ತಿರ ಇದ್ದದ್ದು ಕ್ಯಾಮೆರಾ ಜೊತೆಗೇ ಕೊಡುವ, ದೂರದ್ದನ್ನು ಹತ್ತಿರಕ್ಕೆ ತರದ 18-55 ಲೆನ್ಸ್. ಬೇರೆ ಕಡೆ ಅದರಲ್ಲಿ ಹಕ್ಕಿ ತೆಗೆದರೆ ಸಾಸಿವೆ ಕಾಳಿನಷ್ಟು ಕಾಣುತ್ತೆ. ಇಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರವರು ಹೇಳೋದು. ಮರದ ಕೆಳಗೆ ಹಿಕ್ಕೆ ಬಿದ್ದು ಸುಣ್ಣ ಬಳಿದ ಹಾಗಿತ್ತು, ಮೀನಿನ ವಾಸನೆ ಬೇರೆ. ಟೋಪಿ ತರಬೇಕಿತ್ತು ಅಂತ ಗೊತ್ತಾಗೋಕೆ ಐದು ನಿಮಿಷ ಸಾಕಾಯ್ತು.

ಅಪ್ಪನ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ತಂಗಿಯ ನಾಮಕರಣ, ಧರ್ಮಸ್ಥಳದ ಪ್ರವಾಸ ಎಲ್ಲಾ ಅದರಲ್ಲೇ ಮುಗಿಯಬೇಕಿತ್ತು. ನಾನೋ, ಅರ್ಧ ಗಂಟೆಯಲ್ಲಿ ಇನ್ನೂರು ದಾಟಿಸಿದ್ದೆ. ಆಮೇಲೆ ನೆರಳಿಗೆ ಬಂದು ಒಂದೊಂದೇ ನೋಡಿದರೆ, ಅಯ್ಯೋ! ಕೊಂಬೆ ತುದಿಯಲ್ಲಿ ಠೀವಿಯಿಂದ ಕೂತಿದ್ದ ಹೆಜ್ಜಾರ್ಲೆ ಇದ್ದಿಲಿನ ತುಂಡಿನ ಹಾಗಿತ್ತು. ಕೊಕ್ಕಿನ ಕೆಳಗಿನ ಚೀಲವೂ ಇಲ್ಲ, ಕಣ್ಣೂ ಇಲ್ಲ.

ಪಕ್ಕದ ಜಗಲಿಯಲ್ಲಿ ಕೂತ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದರು. "ಬರೀ ಅಕ್ಕಿದೇ ಪಟ ಇಡೀತೀಯಲ್ಲಪ್ಪಾ, ನಂದೊಂದು ಇಡಿ" ಅಂದರು. ತೆಗೆದು ತೋರಿಸಿದೆ. ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನಾನು ಇಸ್ಟೊಂದು ಕರ್ರಗಿವ್ನಾ ಮಗಾ?" ಅಂದುಬಿಟ್ಟರು.

ಇಲ್ಲಜ್ಜಿ, ತಪ್ಪು ನಂದು ಅಂತ ಹೇಳಿ ಫೋನಿನಲ್ಲಿ ಹುಡುಕಾಡಿದೆ. ಕ್ಯಾಮೆರಾಗೆ ಕಪ್ಪು ಯಾವುದು, ಬಿಳಿ ಯಾವುದು ಗೊತ್ತಿಲ್ಲವಂತೆ. ಎದುರಿಗೆ ಇದ್ದದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದೆ ಬೆಳ್ಳಗಿನ ಆಕಾಶ ಇದ್ದರೆ ಬೆಳಕು ಜಾಸ್ತಿ ಆಯ್ತು ಅಂತ ತಾನೇ ಕಡಿಮೆ ಮಾಡುತ್ತೆ. ಹಕ್ಕಿ ಕಪ್ಪಾಗುತ್ತೆ. ಅಜ್ಜಿಯ ಬೆನ್ನ ಹಿಂದೆ ಬಿಸಿಲು ಬಿದ್ದ ಬೀದಿ ಇತ್ತು, ಅಲ್ವಾ? ಅದೇ ಕಥೆ. ಆ ಬೆಳಕನ್ನು ನಾವೇ ಹೆಚ್ಚುಕಮ್ಮಿ ಮಾಡೋಕೇ ಪ್ಲಸ್ ಮೈನಸ್ ಗುರುತಿನ ಗುಂಡಿ ಇರೋದು. ಆದರೆ ಒತ್ತಿದರೆ ಏನೂ ಆಗಲಿಲ್ಲ! ಮೇಲಿನ ಚಕ್ರವನ್ನು, ಎಲ್ಲವನ್ನೂ ಕ್ಯಾಮೆರಾವೇ ನಿರ್ಧರಿಸುವ ಆಟೋದಿಂದ ನಮಗೂ ಸ್ವಲ್ಪ ಬಿಟ್ಟುಕೊಡುವ 'ಪಿ'ಗೆ ತಿರುಗಿಸಿದ ಮೇಲೆಯೇ ಅದು ಮಾತು ಕೇಳಿದ್ದು. ಪ್ಲಸ್ ಒಂದಕ್ಕೆ ಇಟ್ಟು ಮತ್ತೆ ತೆಗೆದೆ.

ಈಗ ಮೂಗುಬೊಟ್ಟು ಕಂಡಿತು. ಕೆನ್ನೆಯ ಸುಕ್ಕು, ಉಗುರಿಗೆ ಅಂಟಿದ ಅವರೆಯ ಸೊಗಡೂ ಕಂಡಿತು. ಬೀದಿ ಮಾತ್ರ ಪೂರ್ತಿ ಬೆಳ್ಳಗಾಗಿ ಅಳಿಸಿಹೋಗಿತ್ತು. ಹೋಗಲಿ ಬಿಡಿ.

ಹೆಜ್ಜಾರ್ಲೆ ಕಡೆ ಓಡಿದೆ. ಎರಡು ಫೋಟೋ ತೆಗೆಯೋದರೊಳಗೆ ಬ್ಯಾಟರಿ ಕೈಕೊಟ್ಟಿತು. ಅರ್ಧ ಗಂಟೆ ಸುಮ್ನೆ ಪರದೆ ನೋಡುತ್ತಾ ಕೂತರೆ ಇನ್ನೇನಾಗುತ್ತೆ?

ಹೊರಡುವಾಗ ಅಜ್ಜಿ ಕೂಗಿ ಕೇಳಿದರು, "ತೊಳೆಸಿ ತಂದ್ಕೊಡ್ತೀಯೇನಪ್ಪಾ?"

ತೊಳೆಸೋಕೆ ಇದರಲ್ಲಿ ರೋಲೇ ಇಲ್ಲ ಅಂತ ಹೇಳಲು ಹೋಗಲಿಲ್ಲ. ಹೂಂ ಅಂದೆ.